ಹಾಲಿನ ಡೇರಿಗೆ ಬಂದ ‘ಹನ್ನೊಂದು’

ಚೆನ್ನಾಗಿ ನಡೆಯುತ್ತಿದ್ದ ಕಂಪ್ಯೂಟರುಗಳನ್ನು ಕೆಡಿಸಿ ಬಾ ಎಂದು ನನಗೆ ಯಾರೂ ಹೇಳಿರಲಿಲ್ಲ. ‘ಅಪ್‌ಗ್ರೇಡ್ ಮಾಡಿ ಬಾ’ ಎಂದಿದ್ದರು. ನಾಲ್ಕು ತಾಲ್ಲೂಕು ಸುತ್ತಿದ ಮೇಲೆ ಎರಡಕ್ಕೂ ಏನು ವ್ಯತ್ಯಾಸ ಎಂದು ನನಗೇ ಅನುಮಾನ ಬಂದಿತ್ತು.

ನಾನು ಚಿತ್ರದುರ್ಗದ ಹಳೇ ಪೇಟೆಯವನು. ನಮ್ಮಜ್ಜ ಬೀಗ ರಿಪೇರಿ ಮಾಡುತ್ತಿದ್ದ ಅಂಗಡಿಯಲ್ಲೇ ಕೂತು ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಆ ವರ್ಷ ಹಳೆಯ ಆಪರೇಟಿಂಗ್ ಸಿಸ್ಟಂಗೆ, ಅಂದರೆ ಜನ ‘ಹತ್ತು’ ಎಂದು ಕರೆಯುವುದಕ್ಕೆ, ಇನ್ನು ರಕ್ಷಣೆಯ ಅಪ್‌ಡೇಟ್ ಬರುವುದಿಲ್ಲ, ಎಲ್ಲರೂ ‘ಹನ್ನೊಂದ’ಕ್ಕೆ ಹೋಗಬೇಕು ಎಂಬ ಗಲಾಟೆ ಶುರುವಾಗಿತ್ತು. ನಮ್ಮೂರಿನ ಒಬ್ಬ ಗುತ್ತಿಗೆದಾರರು ಅಂಗಡಿ, ಆಫೀಸು, ಸಂಘಗಳ ಕಂಪ್ಯೂಟರುಗಳನ್ನು ಬದಲಿಸಿಕೊಡುವ ಕೆಲಸ ಹಿಡಿದು ನನ್ನನ್ನು ಸೇರಿಸಿಕೊಂಡರು. ಅವರ ಸೂಚನೆ ಚಿಕ್ಕದು. ಹೊಸದನ್ನು ಹಾಕು, ಸ್ಕ್ರೀನ್, ಪ್ರಿಂಟರ್, ಇಂಟರ್‌ನೆಟ್ ಬಂತೇ ನೋಡು, ಹಳೆಯ ಸಿಸ್ಟಂನ ಫೈಲುಗಳನ್ನು ಅಳಿಸಿ ಜಾಗ ಖಾಲಿ ಮಾಡು, ಫೋಟೋ ಹೊಡೆದು ಕಳಿಸು, ಮುಂದಿನ ಊರಿಗೆ ಹೊರಡು. ಆ ಕಂಪ್ಯೂಟರ್‌ನಲ್ಲಿ ಜನ ಏನು ಕೆಲಸ ಮಾಡುತ್ತಾರೆ ಎಂದು ಕೇಳುವ ಬಾಬತ್ತು ಅದರಲ್ಲಿ ಇರಲೇ ಇಲ್ಲ.

ಬೈಸಿಕೊಳ್ಳುವುದು ಚಿತ್ರದುರ್ಗದಲ್ಲೇ ಶುರುವಾಯಿತು. ವಕೀಲರೊಬ್ಬರ ಆಫೀಸಿನ ಟೈಪಿಸ್ಟ್ ಹೆಂಗಸು ಹೊಸ ಸ್ಕ್ರೀನ್ ನೋಡಿದ್ದೇ ನನ್ನ ಕಡೆ ತಿರುಗಿದರು.

“ರೀ, ಈ ಬಟನ್ ಯಾಕ್ರಿ ನಡುಮಧ್ಯ ಬಂದು ಕುಂತೈತೆ? ಮೂಲ್ಯಾಗೆ ಇತ್ತಲ್ಲ, ಅಲ್ಲಿದ್ದಾಗ ಯಾರಿಗೇನು ತೊಂದ್ರೆ ಕೊಟ್ಟಿತ್ತು?”

ಸೆಟ್ಟಿಂಗ್ ಹುಡುಕಿ ಮತ್ತೆ ಮೂಲೆಗೆ ಕೂರಿಸಿಕೊಟ್ಟೆ. “ಇದನ್ನ ಮೊದ್ಲೇ ಮಾಡಾಕೆ ಏನಾಗಿತ್ತು?” ಎಂದರು. ಹೊಸದುರ್ಗದ ಕಡೆ ಶ್ರೀರಾಂಪುರದಲ್ಲಿ ಬೀಜ ಗೊಬ್ಬರದ ಅಂಗಡಿಯವರು ಮೌಸಿನ ಬಲಗಡೆ ಒತ್ತಿ, ಕಾಪಿ ಪೇಸ್ಟ್ ಎಲ್ಲಿ ಹೋದವು ಎಂದು ಕೂಗಾಡಿದರು. ‘ಇನ್ನಷ್ಟು ತೋರಿಸು’ ಅಂತ ಒತ್ತಿದರೆ ಹಳೆಯದೆಲ್ಲ ಕಾಣುತ್ತದೆ ಎಂದೆ. “ಒಂದೇಟಿಗೆ ಆಗ್ತಿದ್ದ ಕೆಲ್ಸಕ್ಕೆ ಎರಡೇಟು ಹೊಡಿಬೇಕು, ಇದು ಸುಧಾರಣೆ ಅಂತೀರಾ ಸಾಬ್ರೆ?” ಎಂದು ಕೇಳಿದರು. ಚಿಕ್ಕಜಾಜೂರಿನಲ್ಲಿ ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಯ ಕಂಪ್ಯೂಟರನ್ನಂತೂ ಹೊಸ ಸಿಸ್ಟಂ ಒಳಗೇ ಬಿಟ್ಟುಕೊಳ್ಳಲಿಲ್ಲ. ‘ಈ ಯಂತ್ರಕ್ಕೆ ಅರ್ಹತೆ ಇಲ್ಲ’ ಎಂಬರ್ಥದ ಒಂದು ಸಾಲು ಬರೆದು ನಿಂತುಕೊಂಡಿತು. “ಅರ್ಹತೆ ಇಲ್ವಾ? ಇದೇನು ಎಲೆಕ್ಷನ್ನಿಗೆ ನಿಂತೈತಾ? ಈಗಿನ್ನೂ ಇದರಾಗೇ ಟಿಕೆಟ್ ಬುಕ್ ಮಾಡಿಕೊಟ್ಟೀನಿ!” ಎಂದು ಅಂಗಡಿಯವರು ಟೇಬಲ್ ಕುಟ್ಟಿದರು.

ಇವೆಲ್ಲ ನಗುವಂಥವು. ಹೊಳಲ್ಕೆರೆಯದು ಮಾತ್ರ ನಗುವಂಥದ್ದಲ್ಲ. ಒಂದು ಶಾಲೆಯ ಗುಮಾಸ್ತರು ವರ್ಷಗಟ್ಟಲೆ ಬಳಸುತ್ತಿದ್ದ ಸಾಫ್ಟ್‌ವೇರ್ ಹೊಸದರಲ್ಲಿ ತೆರೆಯಲಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಸೂಚನೆಯ ಪ್ರಕಾರ ಹಳೆಯ ಫೈಲುಗಳನ್ನು ಅಳಿಸಿ ಆಗಿತ್ತು. ಹೊಸ ಸಿಸ್ಟಂ ಹಾಕಿದ ಕೆಲವು ದಿನ ಹಳೆಯದು ಒಳಗೇ ಒಂದು ಕಡೆ ಸುಮ್ಮನೆ ಮಲಗಿರುತ್ತದೆ, ಬೇಡವೆನಿಸಿದರೆ ಅದನ್ನು ಎಬ್ಬಿಸಿಕೊಳ್ಳಬಹುದು. ಆ ದಾರಿಯನ್ನೇ ಮುಚ್ಚಿಸಿ, ಅದಕ್ಕೆ ಸ್ವಚ್ಛತೆ ಎಂದು ಹೆಸರಿಟ್ಟಿದ್ದರು. ಅವತ್ತಿನಿಂದ ಆ ಅಳಿಸುವ ಕೆಲಸವನ್ನು ನಾನು ಬಿಟ್ಟುಬಿಟ್ಟೆ. ಗುತ್ತಿಗೆದಾರರಿಗೆ ಹೇಳಲಿಲ್ಲ, ಹೇಳಿದ್ದರೆ ಅವರು ಒಪ್ಪುತ್ತಿರಲಿಲ್ಲ.

ಆಮೇಲೆ ಹಿರಿಯೂರು ತಾಲ್ಲೂಕು. ಯಲ್ಲದಕೆರೆಯ ಆಚೆಗಿನ ಒಂದು ಊರು, ಹೆಸರು ಬೇಡ. ಅಲ್ಲಿನ ಹಾಲಿನ ಡೇರಿಗೆ ನಾನು ಬೈಕಿನಲ್ಲಿ ಹೋದಾಗ ಬೆಳಗಿನ ಹಾಲು ಮುಗಿದು, ಕಾರ್ಯದರ್ಶಿ ನೆಲ ತೊಳೆಸುತ್ತಿದ್ದರು. ಊರಿನ ಸೊಸೆ, ಬಿಕಾಂ ಓದಿದ ಹೆಣ್ಣುಮಗಳು. ಊರಿನವರಿಗೆ ಸೆಕ್ರೆಟ್ರಮ್ಮ.

ನಾನು ಬಂದ ವಿಷಯ ಕೇಳಿ ಅವರ ಮುಖ ಸಣ್ಣಗಾಯಿತು. “ಇದು ಚೆನ್ನಾಗೇ ಐತಲ್ಲಣ್ಣ. ಯಾಕೆ ಮುಟ್ತೀರಿ?”

“ಇನ್ಮೇಲೆ ಇದಕ್ಕೆ ರಕ್ಷಣೆ ಇಲ್ಲಕ್ಕಾ. ವೈರಸ್ ಬಂದ್ರೆ ಕೇಳೋರಿಲ್ಲ.”

“ಸಂಜೆ ಹಾಲಿನ ಹೊತ್ತಿಗೆ ಸರಿಯಾಗಿ ಇರಬೇಕು ನೋಡಿ. ಈ ಊರಾಗೆ ಕಂಪ್ಯೂಟ್ರು ನಿಂತ್ರೆ ನನ್ನ ಮಾನ ಹೋಗುತ್ತೆ.”

ಯಾಕೆ ಹಾಗೆಂದರು ಎಂದು ಕೆಲಸ ಮಾಡುತ್ತಲೇ ಕೇಳಿ ತಿಳಿದುಕೊಂಡೆ. ಅವರಿಗಿಂತ ಹಿಂದೆ ಇದ್ದ ಕಾರ್ಯದರ್ಶಿ ಹಾಲಿನ ಫ್ಯಾಟನ್ನು, ಅಂದರೆ ಹಾಲಿನ ದರ ನಿರ್ಧರಿಸುವ ಜಿಡ್ಡಿನ ಅಂಶವನ್ನು, ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದನಂತೆ. ಬೇಕಾದವರಿಗೆ ಏರಿಸುವುದು, ಬೇಡದವರಿಗೆ ಇಳಿಸುವುದು. ಗೊತ್ತಾದ ದಿನ ಊರೇ ಎದ್ದು ಅವನನ್ನು ಓಡಿಸಿ ಈ ಕಂಪ್ಯೂಟರ್ ತರಿಸಿತು. ಈ ಹೆಣ್ಣುಮಗಳು ಕುರ್ಚಿಯಲ್ಲಿ ಕೂರುವ ಮೊದಲು ಸಭೆಯಲ್ಲಿ ಎಲ್ಲರ ಎದುರು ಒಂದು ಮಾತು ಕೊಟ್ಟಿದ್ದರು: ನಾನು ಪೆನ್ನು ಮುಟ್ಟುವುದಿಲ್ಲ, ಮಿಷನ್ ಹೇಳಿದ್ದೇ ಚೀಟಿ. ಅಂದಿನಿಂದ ಹಾಗೇ ನಡೆದಿತ್ತು.

ವ್ಯವಸ್ಥೆ ಸರಳವಾದದ್ದು. ಒಂದು ಲೋಟ ಹಾಲನ್ನು ಟೆಸ್ಟಿಂಗ್ ಮಿಷನ್ನಿನ ನಳಿಕೆಗೆ ಹಿಡಿದರೆ ಮಿಷನ್ನಿನ ಪುಟ್ಟ ಪರದೆಯ ಮೇಲೆ ಫ್ಯಾಟ್ ಎಷ್ಟೆಂದು ಬರುತ್ತದೆ. ಆ ಪರದೆ ಕಾರ್ಯದರ್ಶಿಯ ಕಡೆಗಿರುತ್ತದೆ. ಮಿಷನ್ನಿನಿಂದ ಒಂದು ಕೇಬಲ್ ಕಂಪ್ಯೂಟರಿಗೆ ಹೋಗುತ್ತದೆ. ಕಂಪ್ಯೂಟರ್ ಅದೇ ಅಂಕಿಯನ್ನು ಕಿಟಕಿಯ ಮೇಲಿನ ಕೆಂಪಕ್ಷರದ ಬೋರ್ಡಿನಲ್ಲಿ ಹಾಲು ಹಾಕುವವರಿಗೆ ತೋರಿಸಿ ಚೀಟಿ ಒತ್ತಿ ಕೊಡುತ್ತದೆ. ಊರಿನ ನಂಬಿಕೆಯೆಲ್ಲ ಆ ಕೆಂಪು ಬೋರ್ಡಿನ ಮೇಲೆ ನಿಂತಿತ್ತು.

ಹನ್ನೊಂದನ್ನು ಹಾಕಿದೆ. ಮಧ್ಯಾಹ್ನವೆಲ್ಲ ಅದು ಶೇಕಡಾ ತೋರಿಸುತ್ತಾ, ಎರಡು ಮೂರು ಸಲ ತಾನೇ ಆರಿ ತಾನೇ ಹತ್ತಿ, ಕೊನೆಗೆ ನೀಲಿ ಹೂವಿನಂಥ ಚಿತ್ರ ಬಿಡಿಸಿಕೊಂಡು ಎದ್ದು ಕೂತಿತು. ಸ್ಕ್ರೀನ್ ಬಂತು, ಪ್ರಿಂಟರ್ ಬಂತು, ಇಂಟರ್‌ನೆಟ್ ಬಂತು. ಗುತ್ತಿಗೆದಾರರಿಗೆ ಫೋನ್ ಮಾಡಿ, “ಸಾರ್, ಹಾಲಿನ ಮಿಷನ್ ಟೆಸ್ಟ್ ಮಾಡದೆ ಹೋಗಲ್ಲ, ಹಾಲು ಬರೋದು ಸಂಜೆಗೆ” ಎಂದೆ.

“ಮಿಷನ್ ನಮ್ಮ ಬಾಬತ್ತಲ್ಲಪ್ಪ. ಫೋಟೋ ಹಾಕು, ಹೊರಡು.”

ಫೋಟೋ ಹಾಕಿದೆ, ಹೊರಡಲಿಲ್ಲ.

ಸಂಜೆ ಸಾಲು ನಿಂತಿತು. ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಬಕೀಟು, ಮಕ್ಕಳನ್ನು ಕಂಕುಳಿಗೇರಿಸಿದ ಹೆಂಗಸರು. ಮೊದಲ ಹಾಲು ನಳಿಕೆಗೆ ಹೋಯಿತು. ಮಿಷನ್ನಿನ ಪುಟ್ಟ ಪರದೆಯ ಮೇಲೆ ಅಂಕಿ ಬಂತು. ಕೆಂಪು ಬೋರ್ಡ್ ಮಾತ್ರ ಕಪ್ಪಾಗೇ ಇತ್ತು.

ಕಂಪ್ಯೂಟರಿನ ಒಳಗೆ ಹೋಗಿ ನೋಡಿದೆ. ಕೇಬಲ್ಲಿನ ಹೆಸರಿರಬೇಕಾದ ಕಡೆ ಹಳದಿ ತ್ರಿಕೋನ, ಪಕ್ಕದಲ್ಲಿ ಇಂಗ್ಲಿಷಿನ ಒಂದು ಸಾಲು. ಈ ಚಿಪ್ಪನ್ನು ಕೈಬಿಡಲಾಗಿದೆ, ನಿಮಗೆ ಮಾರಿದವರನ್ನು ವಿಚಾರಿಸಿ ಎಂದು ಅದರ ತಾತ್ಪರ್ಯ. ಮಾರಿದವರು ಯಾರೆಂದು ಕೇಬಲ್ ತಿರುಗಿಸಿ ನೋಡಿದರೆ ನಮ್ಮ ಗುತ್ತಿಗೆದಾರರ ಅಂಗಡಿಯದೇ ಸ್ಟಿಕ್ಕರ್! ಮಾರುವಾಗ ಅಗ್ಗದ ನಕಲಿ ಚಿಪ್ಪಿನ ಕೇಬಲ್ ಹಾಕಿದ್ದರು, ಹಳೆಯ ಸಿಸ್ಟಂ ಅದನ್ನು ಕೇಳದೆ ನಡೆಸಿಕೊಂಡು ಹೋಗುತ್ತಿತ್ತು, ಹೊಸದು ಒಪ್ಪಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಾರಿದವರು ಚಿತ್ರದುರ್ಗದಲ್ಲಿ ಫ್ಯಾನ್ ಕೆಳಗೆ ಕೂತಿದ್ದಾರೆ, ಹೊಸ ಸಿಸ್ಟಂ ಮಾಡಿದ ಕಂಪನಿಯವರು ಯಾವ ದೇಶದಲ್ಲಿದ್ದಾರೋ ಗೊತ್ತಿಲ್ಲ, ಸಾಲಿನ ಎದುರು ನಿಂತವರು ಈ ಹೆಣ್ಣುಮಗಳು ಮತ್ತು ನಾನು.

“ಎಷ್ಟೊತ್ತಮ್ಮ? ಹಾಲು ಒಡಿತೈತೆ!” ಎಂದು ಸಾಲಿನಿಂದ ಕೂಗು ಬಂತು. ಬೇರೆ ದಾರಿ ಇರಲಿಲ್ಲ. ಕಾರ್ಯದರ್ಶಿ ಹಾಳೆ ತೆಗೆದುಕೊಂಡು, ತನ್ನ ಕಡೆಗಿದ್ದ ಪುಟ್ಟ ಪರದೆ ನೋಡಿ ಪೆನ್ನಿನಲ್ಲಿ ಬರೆಯತೊಡಗಿದರು. ಆ ಪೆನ್ನು ಕಂಡದ್ದೇ ಸಾಲಿನಲ್ಲಿ ಗುಸುಗುಸು ಎದ್ದಿತು.

ಅಷ್ಟರಲ್ಲಿ ಹೆಗಲ ಮೇಲೆ ಕರಿ ಕಂಬಳಿ ಹೊದ್ದ ಒಬ್ಬ ಅಜ್ಜನ ಸರದಿ ಬಂತು. ಕುರಿಮಂದೆಯನ್ನು ಮಕ್ಕಳಿಗೆ ಬಿಟ್ಟು, ಮನೆಯಲ್ಲೊಂದು ಸೀಮೆ ಹಸು ಸಾಕಿಕೊಂಡವರು. ಕಾರ್ಯದರ್ಶಿ ಅವರ ಹಾಲು ನಳಿಕೆಗೆ ಹಿಡಿದು, ಪರದೆ ನೋಡಿ, ಮೆಲ್ಲಗೆ ಹೇಳಿದರು.

“ದೊಡ್ಡಪ್ಪ, ಎರಡು ಪಾಯಿಂಟ್ ಎಂಟು ಬಂದೈತೆ. ಇಷ್ಟು ಇಳಿದ್ರೆ ತಗಣಾಕೆ ಬರಲ್ಲ.”

“ಎರಡು ಎಂಟಾ? ನನ್ನ ಹಸೀನ ಹಾಲು ಯಾವತ್ತು ಮೂರೂವರೆಗಿಂತ ಕೆಳಗೆ ಬಂದೈತೆ? ಬೋರ್ಡು ತೋರ್ಸು!”

“ಬೋರ್ಡು ಕೆಟ್ಟೈತಲ್ಲ ದೊಡ್ಡಪ್ಪ.”

“ಬೋರ್ಡು ಕೆಟ್ಟಿದ್ದೂ ಇವತ್ತೇ, ಪೆನ್ನು ಬಂದಿದ್ದೂ ಇವತ್ತೇ, ನನ್ನ ಫ್ಯಾಟು ಇಳಿದಿದ್ದೂ ಇವತ್ತೇ! ನಾವೇನು ಕಿವಿಗೆ ಹೂ ಇಟ್ಕಂಡಿದೀವಾ? ಮೊದ್ಲಿದ್ದೋನು ಕಳ್ಳ, ನೀನು ಕಳ್ಳಿ!”

ಅಜ್ಜ ಕ್ಯಾನ್ ಎತ್ತಿಕೊಂಡು ಹೊರಟೇ ಹೋದರು. ಕಾರ್ಯದರ್ಶಿ ಮುಂದಿನವರ ಲೋಟ ಹಿಡಿದರು. “ಅಕ್ಕಾ, ಯಾರವರು?” ಎಂದೆ.

“ಸುಗ್ಗೀಲಿ ಯಾರ ಕಣದಾಗೆ ರಾಶಿ ಅಳೆದ್ರೂ ಎಣಿಕೆ ಕೂಗೋರು ಅವ್ರೇ. ಅವ್ರು ಕೂಗಿದ್ದಕ್ಕೆ ಈ ಊರಾಗೆ ಎರಡನೇ ಮಾತಿಲ್ಲ. ಅವ್ರೇ ಕಳ್ಳಿ ಅಂದ್ರಲ್ಲಣ್ಣ.”

ನನ್ನ ಪೆನ್‌ಡ್ರೈವಿನಲ್ಲಿ ಆ ಕೇಬಲ್ಲಿನ ಹಳೆಯ ಡ್ರೈವರ್, ಅಂದರೆ ಕೇಬಲ್ಲಿನ ಮಾತು ಕಂಪ್ಯೂಟರಿಗೆ ತಿಳಿಯುವಂತೆ ಮಾಡುವ ಪುಟ್ಟ ಪ್ರೋಗ್ರಾಂ, ಇತ್ತು. ಹೊಸದನ್ನು ಕಿತ್ತು, ಪಟ್ಟಿಯಿಂದ ಹಳೆಯದನ್ನು ಕೈಯಾರೆ ಆರಿಸಿ ಕೂರಿಸಿದೆ. ಒಮ್ಮೆಗೇ ಕೆಂಪು ಬೋರ್ಡ್ ಹತ್ತಿಕೊಂಡಿತು. ಸಾಲಿನಲ್ಲಿ ಉಳಿದವರು ಅರ್ಧದಷ್ಟು ಮಂದಿ, ಅವರಿಗೆಲ್ಲ ಚೀಟಿ ಸಿಕ್ಕಿತು. ಡ್ರೈವರುಗಳನ್ನು ತಾನಾಗಿ ಬದಲಿಸಬೇಡ ಎಂದು ಸೆಟ್ಟಿಂಗಿನಲ್ಲಿ ಹೇಳಿ, ಹಿರಿಯೂರಿನ ನಮ್ಮ ಚಿಕ್ಕಮ್ಮನ ಮನೆಗೆ ಹೋಗಿ ಮಲಗಿದೆ.

ಬೆಳಿಗ್ಗೆ ನಮಾಜು ಮುಗಿಸಿ ಚಹಾ ಕುಡಿಯುತ್ತಿದ್ದೆ, ಫೋನ್ ಬಂತು. “ಅಣ್ಣಾ, ಮತ್ತೆ ಹೋಯ್ತು. ಜನ ಬಂದವ್ರೆ, ಅಧ್ಯಕ್ಷರೂ ಬಂದವ್ರೆ. ಬೇಗ ಬರ್ರಿ.” ಅಷ್ಟೇ ಹೇಳಿ ಇಟ್ಟುಬಿಟ್ಟರು.

ನಾನು ಹೋಗಿ ನೋಡಿದರೆ ಕಂಪ್ಯೂಟರ್ ನನ್ನ ಮಾತು ಕೇಳಿರಲೇ ಇಲ್ಲ. ಬೇಡ ಎಂದಿದ್ದರೂ ರಾತ್ರೋರಾತ್ರಿ ತಾನೇ ಅಪ್‌ಡೇಟ್ ಇಳಿಸಿಕೊಂಡು ನನ್ನ ಡ್ರೈವರ್ ಕಿತ್ತೆಸೆದು ಮತ್ತೆ ಹಳದಿ ತ್ರಿಕೋನ ತಂದು ಕೂರಿಸಿತ್ತು. ಹಳೆಯದನ್ನು ಮತ್ತೆ ಹಾಕಲು ಹೋದರೆ, ಇದು ಅಪಾಯಕಾರಿ, ಬಿಡುವುದಿಲ್ಲ ಎಂದಿತು. ಅಲ್ಲ, ಕಂಪ್ಯೂಟರ್ ಡೇರಿಯದು, ಕರೆಂಟು ಡೇರಿಯದು, ಒಳಗೆ ಏನಿರಬೇಕು ಎಂದು ಹೇಳುವುದು ಇನ್ಯಾರೋ! ಮನೆ ನಮ್ಮದಾದರೂ ಬೀಗದ ಕೈ ಬೇರೆಯವರ ಸೊಂಟದಲ್ಲಿತ್ತು. ಮೂರು ತಲೆಮಾರು ಬೀಗದ ಅಂಗಡಿಯಲ್ಲಿ ಕೂತ ಮನೆತನದವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ಬಾಗಿಲಲ್ಲಿ ಸಂಘದ ಅಧ್ಯಕ್ಷರು ನಿಂತಿದ್ದರು. ಅವರ ಪಕ್ಕ ಕಂಬಳಿಯಜ್ಜ, ಹಿಂದೆ ಇಡೀ ಸಾಲು.

“ನೋಡಮ್ಮ,” ಎಂದರು ಅಧ್ಯಕ್ಷರು, “ಈ ಹೊತ್ತೂ ಪೆನ್ನಾಗೇ ಬರೆಯೋದಾದ್ರೆ ನಾನು ಜನಕ್ಕೆ ಉತ್ರ ಕೊಡಾಕಾಗಲ್ಲ. ಸಂಜೆ ಕಮಿಟಿ ಮೀಟಿಂಗ್ ಕರಿತೀನಿ. ನಿನ್ನ ಜಾಗಕ್ಕೆ ಬೇರೆಯೋರ್ನ ನೋಡ್ಕಣದೇ.”

“ನಾನೇನು ಮಾಡಿದೀನಿ ಅಧ್ಯಕ್ಷರೇ?”

“ನೀನು ಏನೂ ಮಾಡಿಲ್ಲ ಅಂತ ಹೇಳಾಕೆ ಬೋರ್ಡಿತ್ತು. ಈಗ ಬೋರ್ಡಿಲ್ಲ.”

ನಾನು ಹೊರಗೆ ಬಂದು ಗುತ್ತಿಗೆದಾರರಿಗೆ ಫೋನ್ ಹಚ್ಚಿದೆ. ನಕಲಿ ಚಿಪ್ಪಿನ ವಿಷಯ ಎತ್ತಿದ ಕೂಡಲೇ ಅವರ ದನಿ ಬದಲಾಯಿತು.

“ಅದೆಲ್ಲ ಅಲ್ಲಿ ಮಾತಾಡಬೇಡ. ಹೊಸ ಕೇಬಲ್ ಬರುತ್ತೆ, ಮುಂದಿನ ವಾರ ಕಳಿಸ್ತೀನಿ.”

“ಮುಂದಿನ ವಾರದ ತನಕ ಹಸು ಹಾಲು ಕೊಡೋದು ನಿಲ್ಸಲ್ಲ ಸಾರ್. ಹಳೇ ಸಿಸ್ಟಂಗೇ ವಾಪಸ್ ಹೋಗ್ತೀನಿ.”

“ಹುಚ್ಚೇನಪ್ಪ ನಿನಗೆ? ಆ ಡೇರಿ ಮುಗೀತು ಅಂತ ರಿಪೋರ್ಟ್ ಕಳಿಸಿ ಆಗಿದೆ. ವಾಪಸ್ ಹೋಗಂಗಿಲ್ಲ. ಹೆಲ್ಪ್‌ಲೈನಿಗೆ ಫೋನ್ ಮಾಡು.”

ಹೆಲ್ಪ್‌ಲೈನಿನಲ್ಲಿ ಸಂಗೀತ ಕೇಳಿಸಿದರು. ಆಮೇಲೆ ಒಬ್ಬರು ಬಂದು, ಕಂಪ್ಯೂಟರ್ ಆರಿಸಿ ಹಚ್ಚಿದಿರಾ ಎಂದು ಕೇಳಿದರು. ಹೌದು ಎಂದೆ. ಇನ್ನೊಮ್ಮೆ ಆರಿಸಿ ಹಚ್ಚಿ ಎಂದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಇಟ್ಟೆ. ಅಸಲಿ ಚಿಪ್ಪಿನ ಕೇಬಲ್ ತರಬೇಕೆಂದರೆ ಚಿತ್ರದುರ್ಗಕ್ಕೆ ಹೋಗಬೇಕು. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹಾಲಿನ ಗಾಡಿ ಬಂದು ಹೋಗಿರುತ್ತದೆ, ಈ ಹೆಣ್ಣುಮಗಳ ಹೆಸರೂ ಹೋಗಿರುತ್ತದೆ.

ಒಳಗೆ ಬಂದು ಸೆಟ್ಟಿಂಗಿನಲ್ಲಿ ‘ಹಿಂದಕ್ಕೆ ಹೋಗು’ ಎಂಬುದನ್ನು ಒತ್ತಿದೆ. ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿತು. ಕೆಳಗೆ ಕಾರಣಗಳನ್ನೂ ಅದೇ ಕೊಟ್ಟಿತ್ತು. ಒಬ್ಬ ಹೆಂಗಸನ್ನು ಕಳ್ಳಿ ಅನ್ನಿಸಿದಿರಿ ಎಂಬ ಕಾರಣ ಅದರಲ್ಲಿ ಇರಲಿಲ್ಲ. ಹೋಗುವ ಮೊದಲು ಇನ್ನೊಂದು ಅಪ್‌ಡೇಟ್ ನೋಡುವಿರಾ ಎಂದು ಕೇಳಿತು. ಬೇಡವೋ ಮಾರಾಯ ಎಂದು ಬಾಯಿಬಿಟ್ಟೇ ಅಂದು ಒತ್ತಿದೆ. ಸ್ಕ್ರೀನ್ ಕಪ್ಪಾಯಿತು.

“ಅಧ್ಯಕ್ಷರೇ, ಹಳೇದನ್ನೇ ವಾಪಸ್ ತರ್ತಿದೀನಿ. ಒಂದು ತಾಸು ಹಿಡಿಬಹುದು. ಬಂದ ಮೇಲೆ ಮೊದಲಿನ ಹಂಗೇ ಬೋರ್ಡು ಹತ್ತುತ್ತೆ.”

“ತಾಸಾ? ಹಾಲಿನ ಗಾಡಿ ಬರೋ ಹೊತ್ತಾಯ್ತು! ಅಲ್ಲೀ ತನಕ ಯಾರು ಅಳೆಯೋರು? ಇವಳಾ?” ಇದು ಕಂಬಳಿಯಜ್ಜ.

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಕಾರ್ಯದರ್ಶಿ ಒಮ್ಮೆಗೇ ತಲೆ ಎತ್ತಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೆಸ್ಟಿಂಗ್ ಮಿಷನ್ನಿಗೆ ಎರಡೂ ಕೈ ಹಾಕಿ, ಟೇಬಲ್ಲಿನ ಮೇಲೇ ಗರಗರ ತಿರುಗಿಸಿದರು. ಪುಟ್ಟ ಪರದೆ ಜನರ ಕಡೆಗಾಯಿತು. ಈಗ ಅವರಿಗೇ ಅದು ಕಾಣುತ್ತಿರಲಿಲ್ಲ.

“ನೀವೇ ಅಳೀರಿ ದೊಡ್ಡಪ್ಪ. ಕಣದಾಗೆ ಕೂಗ್ತೀರಲ್ಲ, ಇಲ್ಲೂ ಕೂಗ್ರಿ. ನೀವು ಕೂಗಿದ್ದು ಊರಿಗೆಲ್ಲ ಕೇಳ್ಸಲಿ. ನಿಮ್ಮ ಬಾಯಾಗೆ ಬಂದಿದ್ದನ್ನ ಮಾತ್ರ ನಾನು ಬರಿತೀನಿ.”

ಅಜ್ಜ ಇದನ್ನು ಎಣಿಸಿರಲಿಲ್ಲ. “ನನಗೆ ಕಂಪ್ಯೂಟ್ರು ಬರಾಕಿಲ್ಲ” ಎಂದರು.

“ಅಂಕಿ ಬರ್ತಾವಲ್ಲ?”

ಜನ ನಕ್ಕರು. ಅಜ್ಜ ಕಂಬಳಿ ಸರಿ ಮಾಡಿಕೊಂಡು ಮಿಷನ್ನಿನ ಮುಂದೆ ಬಂದು ನಿಂತರು. ಮೊದಲು ಹಾಕಲು ಯಾರೂ ಮುಂದೆ ಬರಲಿಲ್ಲ. ಕಾರ್ಯದರ್ಶಿ ತಮ್ಮ ಮನೆಯ ಕ್ಯಾನನ್ನೇ ತಂದು ಲೋಟಕ್ಕೆ ಸುರಿದರು. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಮುಂದಿನ ಕೊಳಗ ಬೀಳುವವರೆಗೂ ಕೂಗುವವರು ಅದನ್ನೇ ರಾಗವಾಗಿ ಹೇಳುತ್ತಾ ಇರಬೇಕು. ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಎಣಿಕೆ ಮುರಿಯಿತೆಂದೇ ಲೆಕ್ಕ. ಅಜ್ಜನಿಗೆ ಆ ರೂಢಿ ತಾನಾಗಿ ಬಂತು.

“ಲಾಭಾ… ಮೂರೂ ಆರು… ಮೂರೂ ಆರು… ಮೂರೂ ಆರು…”

ಎಂಥ ದನಿ ಅಂತೀರಿ! ಬೀದಿಯ ಆ ಕೊನೆಗೆ ಕೇಳುತ್ತಿತ್ತು. ಎರಡನೆಯವರು ಬಂದರು, “ಮೂರೂ ಎಂಟು…” ಮೂರನೆಯವರು, “ನಾಲ್ಕೂ ಒಂದು…” ಸಾಲು ಸರಾಗವಾಗಿ ಸರಿಯತೊಡಗಿತು. ಕಾರ್ಯದರ್ಶಿ ಕೇಳಿದ್ದನ್ನು ಬರೆದುಕೊಂಡು ಅವರವರಿಗೆ ಚೀಟಿ ಕೊಟ್ಟರು. ಯಾರೊಬ್ಬರೂ ಅನುಮಾನ ಪಡಲಿಲ್ಲ. ನಾನು ಕಪ್ಪು ಸ್ಕ್ರೀನಿನ ಮೇಲೆ ಶೇಕಡಾ ಏರುವುದನ್ನು ಕಾಯುತ್ತಾ ಕೂತಿದ್ದೆ.

ನಡುವೆ ಅಜ್ಜನ ಸೊಸೆ ಕ್ಯಾನ್ ತಂದಳು. ಅವಳು ಸುರಿದ ಹಾಲು ನಳಿಕೆಗೆ ಹೋಯಿತು. ಅಂಕಿ ಬಂತು. ಅಜ್ಜನ ಬಾಯಿಂದ ದನಿ ಹೊರಡಲಿಲ್ಲ.

ಹಿಂದಿನ ಹಾಲಿನ ಕೂಗೂ ನಿಂತುಹೋಗಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಪರದೆ ಜನರ ಕಡೆಗೇ ಇದ್ದರೂ ಅಜ್ಜನ ಬೆನ್ನು ಅಡ್ಡವಾಗಿತ್ತು. ಅವರಿಗೆ ಬಿಟ್ಟರೆ ಯಾರಿಗೂ ಕಾಣುವಂತಿರಲಿಲ್ಲ.

“ಇನ್ನೊಂದ್ಸಲ ಹಿಡಿ” ಎಂದರು ಮೆಲ್ಲಗೆ. ಕಾರ್ಯದರ್ಶಿ ಲೋಟ ತೊಳೆದು ಇನ್ನೊಮ್ಮೆ ಹಿಡಿದರು. ಅಜ್ಜ ಮತ್ತೆ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

ಸೊಸೆ ನೆಲ ನೋಡುತ್ತಾ ಹೇಳಿದಳು. “ಕರ ಹಗ್ಗ ಬಿಚ್ಕಂಡು ಕೊನೇ ಹಾಲೆಲ್ಲ ಕುಡ್ದುಬಿಡ್ತು ಮಾವ. ನಿನ್ನೆ ಸಂಜೇನೂ ಅದೇ ಆಗಿದ್ದು. ನೀವು ಬೈತೀರಾ ಅಂತ ಹೇಳ್ಲಿಲ್ಲ.” ಹಸುವಿನ ಕೊನೆಯ ಹಾಲಿನಲ್ಲೇ ಜಿಡ್ಡು ಹೆಚ್ಚು. ಅದು ಕರುವಿನ ಹೊಟ್ಟೆ ಸೇರಿದರೆ ಕ್ಯಾನಿಗೆ ತೆಳ್ಳನೆಯದೇ ಬರುತ್ತದೆ. ಅಲ್ಲಿ ನಿಂತವರೆಲ್ಲರಿಗೂ ಅದು ಗೊತ್ತಿತ್ತು.

ಅಜ್ಜ ಬೇಕಿದ್ದರೆ ಮೂರೂವರೆ ಎಂದು ಕೂಗಬಹುದಿತ್ತು. ಅವರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು.

“ಎರಡೂ ಎಂಟು… ಎರಡೂ ಎಂಟು… ಎರಡೂ ಎಂಟು…”

ದನಿ ಸ್ವಲ್ಪವೂ ಇಳಿಸಲಿಲ್ಲ. ಸೊಸೆ ಕ್ಯಾನ್ ಎತ್ತಿಕೊಂಡು ಹೊರಟಳು. ಯಾರೂ ನಗಲಿಲ್ಲ.

ಆ ಹೊತ್ತಿಗೆ ಹಳೆಯ ಸ್ಕ್ರೀನ್ ಬಂತು. ಮೂಲೆಯ ಬಟನ್ ಮೂಲೆಯಲ್ಲೇ ಇತ್ತು, ಕೇಬಲ್ಲಿನ ಹೆಸರು ಅದರ ಜಾಗದಲ್ಲಿತ್ತು, ಹಳದಿ ತ್ರಿಕೋನ ಇರಲಿಲ್ಲ, ಕೆಂಪು ಬೋರ್ಡ್ ಹತ್ತಿಕೊಂಡಿತ್ತು. ಇನ್ನು ತಾನಾಗಿ ಏನೂ ಇಳಿಸಿಕೊಳ್ಳದಂತೆ ಎಲ್ಲ ದಾರಿ ಮುಚ್ಚಿದೆ. ಇದು ಶಾಶ್ವತ ಅಲ್ಲವೆಂದು ನನಗೂ ಗೊತ್ತಿತ್ತು. ಅಸಲಿ ಕೇಬಲ್ ಬಂದ ಮೇಲೆ ಒಂದು ದಿನ ಹನ್ನೊಂದಕ್ಕೆ ಹೋಗಲೇಬೇಕು. ಆದರೆ ಹೋಗುವ ದಿನ ಡೇರಿಯವರು ಹೇಳಬೇಕು. ಸ್ಕ್ರೀನಿನ ಫೋಟೋ ಹೊಡೆದು, ‘ಈ ಡೇರಿಯ ಕೆಲಸ ಆಗಿಲ್ಲ, ನೀವು ಮಾರಿದ ಕೇಬಲ್ ನಕಲಿ’ ಎಂದು ಬರೆದು ಗುತ್ತಿಗೆದಾರರಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

“ನಾಳೆಯಿಂದ ನೀನು ಬರಬೇಡ.”

“ಆಯ್ತು ಸಾರ್. ಕೇಬಲ್ ಮಾತ್ರ ಕಳಿಸಿ. ಇಲ್ಲಾಂದ್ರೆ ಈ ಊರಿನೋರೇ ನಿಮ್ಮ ಅಂಗಡಿಗೆ ಬರ್ತಾರೆ” ಎಂದು ಇಟ್ಟೆ. ಎದೆ ಹಗುರಾಯಿತು ಎಂದೇನೂ ಅಲ್ಲ, ಸಿಟ್ಟು ಇನ್ನೂ ಕುದಿಯುತ್ತಲೇ ಇತ್ತು.

ಅಧ್ಯಕ್ಷರು ಸ್ಕ್ರೀನನ್ನೂ ಕೆಂಪು ಬೋರ್ಡನ್ನೂ ನೋಡಿ ಟೇಬಲ್ಲಿನ ಹತ್ತಿರ ಬಂದರು. ಕಾರ್ಯದರ್ಶಿಯ ಕಡೆ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದರು.

“ಆಯ್ತಮ್ಮ, ಮೀಟಿಂಗ್ ಏನೂ ಬೇಡ ಬಿಡು. ನಿನ್ನ ಪಾಡಿಗೆ ನೀನು ಕೆಲ್ಸ ಮಾಡು.”

ಕಾರ್ಯದರ್ಶಿ ಪೆನ್ನು ಕೆಳಗಿಟ್ಟು ಎದ್ದು ನಿಂತರು. ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

“ಬೇಡ ಬಿಡು ಅಂದ್ರೆ ಮುಗೀತಾ ಅಧ್ಯಕ್ಷರೇ? ಕಳ್ಳಿ ಅಂದಿದ್ದು ಇಡೀ ಊರಿಗೆ ಕೇಳ್ಸೈತೆ. ನಮ್ಮತ್ತೆಗೆ ಕೇಳ್ಸೈತೆ, ನನ್ನ ಮಕ್ಕಳಿಗೆ ಕೇಳ್ಸೈತೆ. ತಪ್ಪಿಲ್ಲ ಅನ್ನೋದನ್ನ ಮಾತ್ರ ನನ್ನ ಕಿವ್ಯಾಗೆ ಹೇಳಿ ಹೋಗ್ತೀರಾ?”

ಅಧ್ಯಕ್ಷರು ಬಾಗಿಲ ಕಡೆ ಸರಿದರು. ನಾನು ಮಿಷನ್ನನ್ನು ಮೊದಲಿನಂತೆ ತಿರುಗಿಸಲು ಕೈ ಹಾಕಿದ್ದೆ. ಕಂಬಳಿಯಜ್ಜ ನನ್ನ ಕೈ ಹಿಡಿದರು.

“ಇರಪ್ಪ ಸಾಬ್ರೆ. ಸಾಲಿನ್ನೂ ಮುಗಿದಿಲ್ಲ.”

ಬೀದಿಯ ಕಡೆ ಮುಖ ಮಾಡಿ, ಕಂಬಳಿಯನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡು ಅದೇ ಕಣದ ದನಿ ತೆಗೆದರು.

“ಸೆಕ್ರೆಟ್ರಮ್ಮಂದು ತಪ್ಪಿಲ್ಲಾ… ತಪ್ಪಿಲ್ಲಾ… ತಪ್ಪಿಲ್ಲಾ…”

ಸಾಲಿನಲ್ಲಿ ಮುಂದೆ ನಿಂತಿದ್ದ ಹೆಂಗಸಿಗೆ ಕ್ಯಾನ್ ಎತ್ತುವುದೇ ಮರೆತುಹೋಗಿತ್ತು. ಮುಂದಿನ ಅಳತೆ ಬೀಳುವ ತನಕ ಕೂಗು ನಿಲ್ಲಿಸುವಂತಿಲ್ಲ. ಅಜ್ಜ ಕೂಗುತ್ತಲೇ ಇದ್ದರು. ಕಾರ್ಯದರ್ಶಿ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಹಾಲಿನ ಗಾಡಿ ಬಂದು ಹೊರಗೆ ಹಾರ್ನ್ ಹೊಡೆಯುತ್ತಿತ್ತು. ಆದರೂ ಸೆಕ್ರೆಟ್ರಮ್ಮ, ಬೇಗ ಸುರಿಯಮ್ಮ ಎಂದು ಆ ಹೆಂಗಸಿಗೆ ಅವಸರ ಮಾಡಲಿಲ್ಲ.